ಡೊಮೈನ್ ಹೆಸರಿನ ವ್ಯಾಜ್ಯ

ಬೇರೊಬ್ಬರ ಟ್ರೇಡ್‌ಮಾರ್ಕನ್ನೇ ಅಥವಾ ಅದನ್ನು ಹೋಲುವ ಹೆಸರನ್ನು ಹಕ್ಕಿಲ್ಲದೆ, ದುರುದ್ದೇಶದಿಂದ ಅಂತರ್ಜಾಲದ ವಿಳಾಸವಾಗಿ ನೋಂದಾಯಿಸಿಕೊಂಡವರ ವಿರುದ್ಧ ಟ್ರೇಡ್‌ಮಾರ್ಕಿನ ಒಡೆಯರು ಹೂಡುವ ಕಾನೂನು ಕ್ರಮಕ್ಕೆ ಡೊಮೈನ್ ಹೆಸರಿನ ವ್ಯಾಜ್ಯ ಎಂದು ಹೆಸರು. ಆ ಹೆಸರನ್ನು ತಮಗೆ ವರ್ಗಾಯಿಸಿಕೊಳ್ಳುವುದು ಅಥವಾ ನೋಂದಣಿಯನ್ನು ರದ್ದುಪಡಿಸುವುದು ಇದರ ಮುಖ್ಯ ಉದ್ದೇಶ. ಭಾರತದಲ್ಲಿ ಈ ವಿಷಯದ ಮೂಲ ತೀರ್ಪೆನಿಸಿದ 2004ರ ಸಿಫಿ ಪ್ರಕರಣ ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯದಲ್ಲಿ ಆರಂಭವಾಗಿ, ಕರ್ನಾಟಕ ಹೈಕೋರ್ಟಿನ ಮೂಲಕ ಸುಪ್ರೀಂ ಕೋರ್ಟ್ ತಲುಪಿತು. ತುಮಕೂರು ಜಿಲ್ಲೆಯ ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ಸೀಮೆಯಲ್ಲಿ ಕೊಬ್ಬರಿ, ಎಣ್ಣೆ, ಕೊಬ್ಬರಿ ತುರಿ, ನಾರಿನ ಉತ್ಪನ್ನಗಳು ಊರಿನ ಹೆಸರನ್ನೋ ‘ಕಲ್ಪತರು’ ಎಂಬ ಪದವನ್ನೋ ಹೊತ್ತು ಮಾರಾಟವಾಗುವುದುಂಟು. ಹಾಗಾಗಿ ಯಾವ ಹೆಸರಿಗೆ ರಕ್ಷಣೆ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ ಎಂಬ ಪ್ರಶ್ನೆ ಇಲ್ಲಿನ ಉತ್ಪಾದಕರಿಗೆ ನೇರವಾಗಿ ಸಂಬಂಧಿಸಿದ್ದು.

ಪರಿಭಾಷೆ

ಡೊಮೈನ್ ಹೆಸರು: ಅಂತರ್ಜಾಲದ ಕಂಪ್ಯೂಟರುಗಳನ್ನು ಗುರುತಿಸುವ ಅಂಕಿಗಳ ವಿಳಾಸಕ್ಕೆ ಬದಲಾಗಿ ಜನ ನೆನಪಿಟ್ಟುಕೊಳ್ಳಬಲ್ಲ ಅಕ್ಷರರೂಪದ ವಿಳಾಸ. ಇದರ ಕೊನೆಯ ಭಾಗವನ್ನು ವಿಸ್ತರಣೆ ಎನ್ನುತ್ತಾರೆ. ಡಾಟ್ ಕಾಂ, ಡಾಟ್ ನೆಟ್ ಮುಂತಾದವು ಸಾಮಾನ್ಯ ವಿಸ್ತರಣೆಗಳು. ಡಾಟ್ ಇನ್ ಭಾರತದ ವಿಸ್ತರಣೆ.

ನೋಂದಣಿದಾರ: ಹೆಸರನ್ನು ತನ್ನದಾಗಿ ಬರೆಸಿಕೊಂಡ ವ್ಯಕ್ತಿ ಅಥವಾ ಸಂಸ್ಥೆ.

ರಿಜಿಸ್ಟ್ರಾರ್: ಶುಲ್ಕ ಪಡೆದು ಹೆಸರನ್ನು ನೋಂದಾಯಿಸಿಕೊಡುವ ಕಂಪನಿ.

ರಿಜಿಸ್ಟ್ರಿ: ಒಂದು ವಿಸ್ತರಣೆಯಡಿ ಬರುವ ಎಲ್ಲ ಹೆಸರುಗಳ ಮೂಲ ದಾಖಲೆಯನ್ನು ಕಾಯುವ ಸಂಸ್ಥೆ. ಡಾಟ್ ಇನ್ ವಿಸ್ತರಣೆಯ ರಿಜಿಸ್ಟ್ರಿಯನ್ನು ನಡೆಸುವುದು 2003ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಇಂಟರ್‌ನೆಟ್ ಎಕ್ಸ್‌ಚೇಂಜ್ ಆಫ್ ಇಂಡಿಯಾ. ಅದರ ರೂಢಿಯ ಹೆಸರು ನಿಕ್ಸಿ.

ಟ್ರೇಡ್‌ಮಾರ್ಕ್: ಒಬ್ಬರ ಸರಕು ಅಥವಾ ಸೇವೆಯನ್ನು ಉಳಿದವರದರಿಂದ ಬೇರ್ಪಡಿಸಿ ತೋರಿಸುವ ಹೆಸರು, ಚಿತ್ರ ಅಥವಾ ಗುರುತು.

ಪಾಸಿಂಗ್ ಆಫ್: ತನ್ನ ಸರಕನ್ನು ಇನ್ನೊಬ್ಬರ ಸರಕೆಂದು ನಂಬಿಸಿ ಮಾರುವ ತಪ್ಪು. ನೋಂದಣಿಯಾಗದ ಗುರುತಿಗೂ ಈ ತಪ್ಪಿನ ವಿರುದ್ಧ ನ್ಯಾಯಾಲಯದಲ್ಲಿ ಪರಿಹಾರವಿದೆ.

ಸೈಬರ್‌ಸ್ಕ್ವಾಟಿಂಗ್: ಮತ್ತೊಬ್ಬರ ಗುರುತಿನಿಂದ ಲಾಭ ಮಾಡಿಕೊಳ್ಳಲೆಂದೇ ಅದನ್ನು ಡೊಮೈನ್ ಹೆಸರಾಗಿ ಹಿಡಿದಿಟ್ಟುಕೊಳ್ಳುವುದು.

ಹುಟ್ಟು ಮತ್ತು ಬೆಳವಣಿಗೆ

ಡೊಮೈನ್ ಹೆಸರಿನ ವ್ಯವಸ್ಥೆ 1983ರಲ್ಲಿ ರೂಪುಗೊಂಡಿತು. ಮೊದಲ ಡಾಟ್ ಕಾಂ ಹೆಸರು ನೋಂದಣಿಯಾದದ್ದು 1985ರ ಮಾರ್ಚ್‌ನಲ್ಲಿ. ಮೊದಲು ಕೇಳಿದವರಿಗೆ ಮೊದಲು ಕೊಡುವುದು ಈ ವ್ಯವಸ್ಥೆಯ ಮೂಲ ನಿಯಮ. ಅರ್ಜಿದಾರನಿಗೆ ಆ ಹೆಸರಿನ ಮೇಲೆ ಹಕ್ಕಿದೆಯೇ ಎಂದು ರಿಜಿಸ್ಟ್ರಾರ್ ಪರೀಕ್ಷಿಸುವುದಿಲ್ಲ. ಟ್ರೇಡ್‌ಮಾರ್ಕಿನ ರೀತಿ ಬೇರೆ. ಒಂದೇ ಪದವನ್ನು ಬೇರೆ ಬೇರೆ ಸರಕಿಗೆ, ಬೇರೆ ಬೇರೆ ದೇಶದಲ್ಲಿ ಹಲವರು ನ್ಯಾಯವಾಗಿಯೇ ಬಳಸಬಹುದು. ಆದರೆ ಒಂದು ವಿಸ್ತರಣೆಯಡಿ ಒಂದು ಹೆಸರು ಇಡೀ ಜಗತ್ತಿಗೆ ಒಬ್ಬರಿಗೆ ಮಾತ್ರ ದಕ್ಕುತ್ತದೆ. ವ್ಯಾಜ್ಯಗಳ ಬೇರು ಇರುವುದು ಈ ವ್ಯತ್ಯಾಸದಲ್ಲಿ.

1990ರ ದಶಕದಲ್ಲಿ ವಾಣಿಜ್ಯ ಅಂತರ್ಜಾಲಕ್ಕೆ ಬಂದಂತೆ, ಹೆಸರಾಂತ ಗುರುತುಗಳನ್ನು ಮೊದಲೇ ನೋಂದಾಯಿಸಿ ಒಡೆಯರಿಗೇ ಮಾರುವ ದಂಧೆ ಬೆಳೆಯಿತು. 1998ರಲ್ಲಿ ಅಮೆರಿಕದ ಪನಾವಿಷನ್ ಪ್ರಕರಣ ಮತ್ತು ಇಂಗ್ಲೆಂಡಿನ ‘ಒನ್ ಇನ್ ಎ ಮಿಲಿಯನ್’ ಪ್ರಕರಣಗಳಲ್ಲಿ ಮೇಲ್ಮನವಿ ನ್ಯಾಯಾಲಯಗಳು ಇಂಥ ನೋಂದಣಿಯನ್ನು ತಪ್ಪೆಂದು ತೀರ್ಮಾನಿಸಿದವು. ಪನಾವಿಷನ್ ಹೆಸರನ್ನು ಹಿಡಿದಿದ್ದವನು ಅದನ್ನು ಬಿಟ್ಟುಕೊಡಲು 13,000 ಡಾಲರ್ ಕೇಳಿದ್ದ. ಹೆಸರುಗಳ ಜಾಗತಿಕ ಮೇಲ್ವಿಚಾರಣೆಗೆಂದು ಐಕ್ಯಾನ್ ಸಂಸ್ಥೆ ಹುಟ್ಟಿದ್ದೂ 1998ರಲ್ಲೇ. ವಿಶ್ವ ಬೌದ್ಧಿಕ ಆಸ್ತಿ ಸಂಸ್ಥೆ ಅಥವಾ ವೈಪೊ 1999ರ ಏಪ್ರಿಲ್‌ನಲ್ಲಿ ಕೊಟ್ಟ ವರದಿಯ ಆಧಾರದ ಮೇಲೆ ಐಕ್ಯಾನ್ ಅದೇ ವರ್ಷ ಏಕರೂಪದ ಡೊಮೈನ್ ಹೆಸರು ವಿವಾದ ಪರಿಹಾರ ನೀತಿಯನ್ನು ಅಂಗೀಕರಿಸಿತು. ಇದು ಯುಡಿಆರ್‌ಪಿ ಎಂದು ಪ್ರಸಿದ್ಧ. ಇದರಡಿಯ ಮೊದಲ ದೂರು 1999ರ ಡಿಸೆಂಬರ್‌ನಲ್ಲಿ ದಾಖಲಾಯಿತು. ಆ ದೂರಿನ ಮೇಲೆ, ವರ್ಲ್ಡ್ ರೆಸ್ಲಿಂಗ್ ಫೆಡರೇಷನ್‌ನ ಹೆಸರನ್ನು ಅದರ ಒಡೆಯರಿಗೆ ವರ್ಗಾಯಿಸಬೇಕೆಂಬ ತೀರ್ಪು 2000ದ ಜನವರಿ 14ರಂದು ಬಂತು.

ಭಾರತದಲ್ಲಿ ಮೊದಲ ಪ್ರಮುಖ ತೀರ್ಪು 1999ರ ಫೆಬ್ರವರಿಯಲ್ಲಿ ದೆಹಲಿ ಹೈಕೋರ್ಟ್ ಕೊಟ್ಟ ಯಾಹೂ ತೀರ್ಪು. ‘ಯಾಹೂಇಂಡಿಯಾ’ ಎಂಬ ವಿಳಾಸ ಬಳಸುತ್ತಿದ್ದವರನ್ನು ನ್ಯಾಯಾಲಯ ಪಾಸಿಂಗ್ ಆಫ್ ತತ್ವದಡಿ ತಡೆಯಿತು. ಮೂಲ ಕಂಪನಿಗೂ ತಮಗೂ ಸಂಬಂಧವಿಲ್ಲವೆಂಬ ಒಕ್ಕಣೆಯನ್ನು ಪುಟದಲ್ಲಿ ಹಾಕಿದ ಮಾತ್ರಕ್ಕೆ ತಪ್ಪು ನೀಗುವುದಿಲ್ಲ ಎಂದೂ ಹೇಳಿತು. ಅದೇ ವರ್ಷ ಬಾಂಬೆ ಹೈಕೋರ್ಟ್ ‘ರೆಡಿಫ್’ ಹೆಸರನ್ನು ಹೋಲುವ ‘ರ‍್ಯಾಡಿಫ್’ ವಿಳಾಸದ ಬಳಕೆಯನ್ನು ತಡೆಯಿತು. 2005ರ ಆರಂಭದಲ್ಲಿ ಡಾಟ್ ಇನ್ ವಿಸ್ತರಣೆ ಸಾರ್ವಜನಿಕರಿಗೆ ಮುಕ್ತವಾದಾಗ ನಿಕ್ಸಿ ತನ್ನದೇ ಆದ ವಿವಾದ ಪರಿಹಾರ ನೀತಿಯನ್ನು ತಂದಿತು. ಇದರ ಹೆಸರು ಐಎನ್‌ಡಿಆರ್‌ಪಿ.

ಸಿಫಿ ಪ್ರಕರಣ

ಸತ್ಯಂ ಇನ್ಫೋವೇ ವಿರುದ್ಧ ಸಿಫಿನೆಟ್ ಸೊಲ್ಯೂಷನ್ಸ್ ಪ್ರಕರಣದ ತೀರ್ಪು ಭಾರತದ ಡೊಮೈನ್ ಕಾನೂನಿಗೆ ತಳಹದಿ. 1995ರಲ್ಲಿ ಸ್ಥಾಪನೆಯಾದ ಸತ್ಯಂ ಇನ್ಫೋವೇ ಕಂಪನಿ ತನ್ನ ಹೆಸರಿನ ಅಂಶಗಳನ್ನು ಕೂಡಿಸಿ ‘ಸಿಫಿ’ ಎಂಬ ಹೊಸ ಪದವನ್ನು ಕಟ್ಟಿ, 1999ರ ಜೂನ್‌ನಲ್ಲಿ ಸಿಫಿನೆಟ್, ಸಿಫಿಮಾಲ್ ಮುಂತಾದ ಡೊಮೈನ್ ಹೆಸರುಗಳನ್ನು ನೋಂದಾಯಿಸಿತು. ಪ್ರತಿವಾದಿ ಕಂಪನಿ ಅದೇ ಉಚ್ಚಾರದ, ಇಂಗ್ಲಿಷಿನಲ್ಲಿ ‘ಎಫ್’ ಅಕ್ಷರವನ್ನು ಇಮ್ಮಡಿಸಿ ಬರೆದ ಹೆಸರಿನಲ್ಲಿ ಎರಡು ವಿಳಾಸಗಳನ್ನು ಪಡೆದು, 2001 ಮತ್ತು 2002ರಿಂದ ಅಂತರ್ಜಾಲ ಮಾರಾಟದ ವ್ಯವಹಾರಕ್ಕೆ ಬಳಸಿತು. ತನ್ನ ಐವರು ಪ್ರವರ್ತಕರ ಹೆಸರುಗಳ ಮೊದಲ ಅಕ್ಷರಗಳಿಂದ ಆ ಪದ ಬಂದಿದೆ ಎಂಬುದು ಅದರ ವಾದ.

ಬೆಂಗಳೂರಿನ ಸಿಟಿ ಸಿವಿಲ್ ನ್ಯಾಯಾಲಯ ಸತ್ಯಂ ಇನ್ಫೋವೇ ಪರವಾಗಿ ತಾತ್ಕಾಲಿಕ ತಡೆಯಾಜ್ಞೆ ಕೊಟ್ಟಿತು. ತಡೆಯಾಜ್ಞೆಯಿಂದ ಪ್ರತಿವಾದಿಗೆ ಹೆಚ್ಚು ತೊಂದರೆ, ವಾದಿ ಕಂಪನಿಗೆ ಬೇರೆ ಹೆಸರೂ ಇದೆ ಎಂಬಂಥ ಕಾರಣಗಳಿಂದ ಕರ್ನಾಟಕ ಹೈಕೋರ್ಟ್ ಆ ಆಜ್ಞೆಯನ್ನು ತೆಗೆದುಹಾಕಿತು. ಸುಪ್ರೀಂ ಕೋರ್ಟ್ 2004ರ ಮೇ 6ರಂದು ಹೈಕೋರ್ಟಿನ ಆದೇಶವನ್ನು ರದ್ದುಪಡಿಸಿ ಸಿಟಿ ಸಿವಿಲ್ ನ್ಯಾಯಾಲಯದ ತಡೆಯಾಜ್ಞೆಯನ್ನು ಪುನಃ ಸ್ಥಾಪಿಸಿತು. ತೀರ್ಪು ಬರೆದವರು ನ್ಯಾಯಮೂರ್ತಿ ರುಮಾ ಪಾಲ್.

ತೀರ್ಪಿನಿಂದ ನೆಲೆಗೊಂಡ ತತ್ವಗಳು ಹೀಗಿವೆ. ಡೊಮೈನ್ ಹೆಸರು ಬರಿಯ ವಿಳಾಸವಲ್ಲ. ವ್ಯಾಪಾರಿಯನ್ನು ಗುರುತಿಸುವ ಹೆಸರಾದ್ದರಿಂದ ಅದಕ್ಕೆ ಟ್ರೇಡ್‌ಮಾರ್ಕಿನ ಲಕ್ಷಣಗಳಿವೆ. ಡೊಮೈನ್ ವಿವಾದಗಳ ಬಗ್ಗೆ ಭಾರತದಲ್ಲಿ ಪ್ರತ್ಯೇಕ ಕಾಯ್ದೆ ಇಲ್ಲದಿದ್ದರೂ 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆಯ ಚೌಕಟ್ಟಿನಲ್ಲಿ, ಪಾಸಿಂಗ್ ಆಫ್ ತತ್ವದ ಮೂಲಕ ಅವಕ್ಕೆ ರಕ್ಷಣೆ ಇದೆ. ಸಾಧಾರಣ ಬಳಕೆದಾರನಿಗೆ ಗೊಂದಲವಾಗುವ ಸಂಭವವಿದೆಯೇ ಎಂಬುದೇ ಒರೆಗಲ್ಲು. ಒಂದೇ ಹುಡುಕಾಟದಲ್ಲಿ ಎರಡೂ ವಿಳಾಸಗಳು ಎದುರಾಗುವುದರಿಂದ ಅಂತರ್ಜಾಲದಲ್ಲಿ ಈ ಸಂಭವ ಹೆಚ್ಚು.

ದುರ್ಬಳಕೆಯ ಬಗೆಗಳು

ಮಾರಾಟಕ್ಕೆ ಹಿಡಿದಿಡುವುದು: ಗುರುತಿನ ಒಡೆಯರಿಗೋ ಅವರ ಪ್ರತಿಸ್ಪರ್ಧಿಗೋ ಹೆಚ್ಚಿನ ಬೆಲೆಗೆ ಮಾರಲೆಂದು ಹೆಸರು ನೋಂದಾಯಿಸುವುದು. 2001ರಲ್ಲಿ ದೆಹಲಿ ಹೈಕೋರ್ಟ್ ತೀರ್ಮಾನಿಸಿದ ಬಿಸ್ಲೆರಿ ಪ್ರಕರಣ ಈ ಬಗೆಯದು.

ಅಕ್ಷರಪಲ್ಲಟ: ಬಳಕೆದಾರ ಟೈಪ್ ಮಾಡುವಾಗ ತಪ್ಪುವುದನ್ನೇ ನಂಬಿ ಒಂದು ಅಕ್ಷರ ಕೂಡಿಸಿ, ಬಿಟ್ಟು ಅಥವಾ ಬದಲಿಸಿ ಹೆಸರು ಪಡೆಯುವುದು. ಕನ್ನಡದ ಹೆಸರುಗಳಲ್ಲಿ ಇದಕ್ಕೆ ಹೆಚ್ಚು ಎಡೆಯಿದೆ. ‘ತ’ ಕಾರವನ್ನು ರೋಮನ್ ಲಿಪಿಯಲ್ಲಿ ‘ಟಿ’ ಎಂದೂ ‘ಟಿಎಚ್’ ಎಂದೂ ಬರೆಯುತ್ತಾರೆ. ದೀರ್ಘ ಸ್ವರಕ್ಕೆ ಒಂದು ಅಕ್ಷರ, ಎರಡು ಅಕ್ಷರ ಎರಡೂ ರೂಢಿಯಲ್ಲಿವೆ. ಹೀಗಾಗಿ ಕಲ್ಪತರು, ತಿಪಟೂರು, ಚಿಕ್ಕನಾಯಕನಹಳ್ಳಿ ಎಂಬ ಒಂದೊಂದು ಪದಕ್ಕೂ ಹಲವು ರೋಮನ್ ರೂಪಗಳಿವೆ. 2014ರ ನವೆಂಬರ್ 1ರಂದು ಜಿಲ್ಲಾಕೇಂದ್ರದ ಹೆಸರಿನ ಇಂಗ್ಲಿಷ್ ಬರವಣಿಗೆ ‘ತುಮ್ಕೂರ್’ ರೂಪದಿಂದ ‘ತುಮಕೂರು’ ರೂಪಕ್ಕೆ ಬದಲಾದ ಮೇಲೆ ಹಳೆಯ, ಹೊಸ ರೂಪಗಳೆರಡೂ ಬಳಕೆಯಲ್ಲಿವೆ.

ಪದ ಸೇರ್ಪಡೆ: ಹೆಸರಾಂತ ಗುರುತಿಗೆ ‘ಡೀಲರ್’, ‘ಫ್ರಾಂಚೈಸಿ’, ‘ಕೇರ್’, ‘ಇಂಡಿಯಾ’ ಎಂಬಂಥ ಪದ ಅಂಟಿಸುವುದು. 2020ರಲ್ಲಿ ಅಮುಲ್ ಗುರುತಿನ ಸರಕನ್ನು ಮಾರುವ ಗುಜರಾತಿನ ಹಾಲು ಮಾರಾಟ ಸಹಕಾರ ಮಹಾಮಂಡಲ, ಅಮುಲ್ ಫ್ರಾಂಚೈಸಿ ಕೊಡಿಸುವುದಾಗಿ ನಂಬಿಸಿ ಹಣ ಪಡೆಯುತ್ತಿದ್ದ ವಿಳಾಸಗಳ ವಿರುದ್ಧ ದೆಹಲಿ ಹೈಕೋರ್ಟಿಗೆ ಹೋಯಿತು.

ಸುಮ್ಮನೆ ಇಟ್ಟುಕೊಳ್ಳುವುದು: ಯಾವ ಪುಟವನ್ನೂ ತೆರೆಯದೆ ಹೆಸರನ್ನು ಕಟ್ಟಿಹಾಕುವುದು. ಸಂದರ್ಭ ನೋಡಿ ಇದನ್ನೂ ದುರುದ್ದೇಶದ ಬಳಕೆಯೆಂದು ಪರಿಗಣಿಸಬಹುದೆಂದು 2000ದಲ್ಲಿ ಟೆಲ್‌ಸ್ಟ್ರಾ ಪ್ರಕರಣದಲ್ಲಿ ವೈಪೊ ತೀರ್ಪುಗಾರರು ಹೇಳಿದರು.

ಅವಧಿ ಮುಗಿದ ಹೆಸರನ್ನು ಎತ್ತಿಕೊಳ್ಳುವುದು: ನವೀಕರಣ ಮರೆತ ಹೆಸರನ್ನು ಬೇರೊಬ್ಬರು ಪಡೆಯುವುದು. ಸಾಮಾನ್ಯ ವಿಸ್ತರಣೆಗಳಲ್ಲಿ ರಿಜಿಸ್ಟ್ರಾರ್ ಹೆಸರನ್ನು ಅಳಿಸಿದ ಮೇಲೂ 30 ದಿನಗಳ ವಿಮೋಚನಾ ಅವಧಿಯಲ್ಲಿ ಹಳೆಯ ನೋಂದಣಿದಾರರು ಅದನ್ನು ಮರಳಿ ಪಡೆಯಬಹುದು. ಅನಂತರದ 5 ದಿನ ಕಳೆದರೆ ಹೆಸರು ಎಲ್ಲರಿಗೂ ಮುಕ್ತ.

ವೆಬ್‌ಸೈಟ್ ಕಟ್ಟಿಕೊಟ್ಟವರು ಗ್ರಾಹಕರ ಹೆಸರನ್ನು ತಮ್ಮ ಹೆಸರಿನಲ್ಲೇ ನೋಂದಾಯಿಸಿಕೊಂಡು ಆಮೇಲೆ ಬಿಟ್ಟುಕೊಡದಿರುವ ಪ್ರಸಂಗಗಳನ್ನು ಮೇಲಿನ ಬಗೆಗಳೊಂದಿಗೆ ಬೆರೆಸಬಾರದು. ಇವುಗಳಲ್ಲಿ ಹಲವು ಕರಾರಿನ ವಿವಾದಗಳಾಗಿರುವುದರಿಂದ ಯುಡಿಆರ್‌ಪಿ ತೀರ್ಪುಗಾರರು ಅವು ತಮ್ಮ ವ್ಯಾಪ್ತಿಗೆ ಸೇರಿಲ್ಲವೆಂದು ಬದಿಗಿಡುವುದುಂಟು.

ಹಕ್ಕಿನ ಆಧಾರ

ಡೊಮೈನ್ ಹೆಸರನ್ನು ಪ್ರಶ್ನಿಸಬೇಕಾದರೆ ಆ ಹೆಸರಿನಲ್ಲಿ ದೂರುದಾರರಿಗೆ ಮೊದಲೇ ಹಕ್ಕಿರಬೇಕು. ಅದಕ್ಕೆ ಬಲವಾದ ಆಧಾರ ನೋಂದಾಯಿತ ಟ್ರೇಡ್‌ಮಾರ್ಕ್. 1999ರ ಟ್ರೇಡ್ ಮಾರ್ಕ್ಸ್ ಕಾಯ್ದೆ 2003ರ ಸೆಪ್ಟೆಂಬರ್ 15ರಿಂದ ಜಾರಿಯಲ್ಲಿದೆ. ಕರ್ನಾಟಕದ ಅರ್ಜಿದಾರರು ಚೆನ್ನೈನ ಟ್ರೇಡ್‌ಮಾರ್ಕ್ ಕಚೇರಿಯ ವ್ಯಾಪ್ತಿಗೆ ಬರುತ್ತಾರೆ. ಆನ್‌ಲೈನ್ ಅರ್ಜಿಗೆ ಒಂದು ವರ್ಗಕ್ಕೆ ವ್ಯಕ್ತಿಗಳು, ನವೋದ್ಯಮಗಳು ಮತ್ತು ಸಣ್ಣ ಉದ್ಯಮಗಳು 4,500 ರೂಪಾಯಿ, ಉಳಿದವರು 9,000 ರೂಪಾಯಿ ಶುಲ್ಕ ಕೊಡಬೇಕು. ನೋಂದಣಿ 10 ವರ್ಷ ಚಾಲ್ತಿಯಲ್ಲಿದ್ದು, ಮತ್ತೆ ಮತ್ತೆ ನವೀಕರಿಸಬಹುದು.

ಸರಕುಗಳನ್ನು ಅಂತರರಾಷ್ಟ್ರೀಯ ಪಟ್ಟಿಯ ಪ್ರಕಾರ ವರ್ಗಗಳಾಗಿ ವಿಂಗಡಿಸಲಾಗಿದೆ. ತೆಂಗಿನ ಉತ್ಪನ್ನಗಳು ಒಂದೇ ವರ್ಗದಲ್ಲಿ ಬರುವುದಿಲ್ಲ. ಹಸಿ ತೆಂಗಿನಕಾಯಿ 31ನೇ ವರ್ಗ, ಒಣ ಕೊಬ್ಬರಿ ತುರಿ ಮತ್ತು ಅಡುಗೆ ಎಣ್ಣೆ 29ನೇ ವರ್ಗ, ತಲೆಗೆ ಹಚ್ಚುವ ಎಣ್ಣೆ 3ನೇ ವರ್ಗ, ಕಚ್ಚಾ ನಾರು 22ನೇ ವರ್ಗಕ್ಕೆ ಸೇರುತ್ತವೆ.

ನೋಂದಣಿ ಇಲ್ಲದಿದ್ದರೆ ದೀರ್ಘಕಾಲದ ಬಳಕೆಯಿಂದ ಆ ಹೆಸರಿಗೆ ಗ್ರಾಹಕರಲ್ಲಿ ಖ್ಯಾತಿ ಬಂದಿದೆಯೆಂದು ದೂರುದಾರರೇ ಸಾಬೀತುಪಡಿಸಬೇಕು. ಮಾರಾಟದ ಬಿಲ್ಲು, ಚೀಲ ಮತ್ತು ಡಬ್ಬಗಳ ಮುದ್ರಣ, ಜಾಹೀರಾತು, ತೆರಿಗೆ ದಾಖಲೆಗಳು ಇದಕ್ಕೆ ಸಾಕ್ಷ್ಯ.

ಊರಿನ ಹೆಸರಿಗೆ ತಾನಾಗಿ ಟ್ರೇಡ್‌ಮಾರ್ಕಿನ ಹಕ್ಕು ಬರುವುದಿಲ್ಲ. ಸರಕಿನ ಮೂಲಸ್ಥಳವನ್ನಷ್ಟೇ ಸೂಚಿಸುವ ಪದಗಳ ನೋಂದಣಿಯನ್ನು ಕಾಯ್ದೆ ಸಾಮಾನ್ಯವಾಗಿ ನಿರಾಕರಿಸುತ್ತದೆ. ಅಂತರರಾಷ್ಟ್ರೀಯ ಮಟ್ಟದಲ್ಲೂ ನಿಲುವು ಇದೇ. ಬಾರ್ಸಿಲೋನಾ ನಗರಾಡಳಿತ ತನ್ನ ಊರಿನ ಹೆಸರಿನ ಡಾಟ್ ಕಾಂ ವಿಳಾಸವನ್ನು 2000ದಲ್ಲಿ ವೈಪೊ ತೀರ್ಪಿನಿಂದ ಗೆದ್ದಿತು. 2003ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಅದನ್ನು ಒಪ್ಪದೆ ನೋಂದಣಿದಾರರ ಪರ ನಿಂತಿತು.

ಒಂದು ಪ್ರದೇಶದ ವಿಶೇಷ ಸರಕಿಗೆ ಸಾಮೂಹಿಕ ರಕ್ಷಣೆ ಕೊಡುವುದು ಭೌಗೋಳಿಕ ಸೂಚಕ. ಕರ್ನಾಟಕದಲ್ಲಿ ಮೈಸೂರು ರೇಷ್ಮೆ, ಬ್ಯಾಡಗಿ ಮೆಣಸಿನಕಾಯಿ, ನಂಜನಗೂಡು ರಸಬಾಳೆ, ಶಿರಸಿ ಅಡಿಕೆಗೆ ಈ ಮಾನ್ಯತೆ ಇದೆ. ಆದರೆ ಯುಡಿಆರ್‌ಪಿ ಟ್ರೇಡ್‌ಮಾರ್ಕನ್ನು ಮಾತ್ರ ಹೆಸರಿಸುತ್ತದೆ. ಭೌಗೋಳಿಕ ಸೂಚಕವೊಂದೇ ಅದಕ್ಕೆ ಸಾಲದು. ಷಾಂಪೇನ್ ದ್ರಾಕ್ಷಾರಸದ ಉತ್ಪಾದಕರ ಸಂಘ 2011ರಲ್ಲಿ ತನ್ನ ಸರಕಿನ ಹೆಸರಿನ ವಿಳಾಸಕ್ಕಾಗಿ ತಂದ ದೂರು ಈ ಕಾರಣದಿಂದ ಬಿದ್ದುಹೋಯಿತು.

ಪರಿಹಾರದ ಮಾರ್ಗಗಳು

ಯುಡಿಆರ್‌ಪಿ: ಡಾಟ್ ಕಾಂ ಮುಂತಾದ ಸಾಮಾನ್ಯ ವಿಸ್ತರಣೆಗಳಿಗೆ ಅನ್ವಯಿಸುತ್ತದೆ. ಹೆಸರು ಪಡೆಯುವಾಗಲೇ ನೋಂದಣಿದಾರರು ಕರಾರಿನ ಭಾಗವಾಗಿ ಈ ನೀತಿಗೆ ಒಪ್ಪಿರುತ್ತಾರೆ. ದೂರುದಾರರು ಮೂರು ಅಂಶಗಳನ್ನೂ ಸಾಬೀತುಪಡಿಸಬೇಕು. ಒಂದು, ಡೊಮೈನ್ ಹೆಸರು ತಮ್ಮ ಟ್ರೇಡ್‌ಮಾರ್ಕಿಗೆ ಸಮ ಅಥವಾ ಗೊಂದಲ ಹುಟ್ಟಿಸುವಷ್ಟು ಹೋಲುವಂಥದ್ದು. ಎರಡು, ನೋಂದಣಿದಾರರಿಗೆ ಅದರಲ್ಲಿ ಹಕ್ಕಾಗಲಿ ನ್ಯಾಯವಾದ ಹಿತಾಸಕ್ತಿಯಾಗಲಿ ಇಲ್ಲ. ಮೂರು, ಅದನ್ನು ದುರುದ್ದೇಶದಿಂದ ನೋಂದಾಯಿಸಿ, ದುರುದ್ದೇಶದಿಂದಲೇ ಬಳಸಲಾಗುತ್ತಿದೆ.

ದೂರನ್ನು ವೈಪೊ ಅಥವಾ ಐಕ್ಯಾನ್ ಮಾನ್ಯ ಮಾಡಿದ ಇತರ ಕೇಂದ್ರಗಳಲ್ಲಿ ಕೊಡಬಹುದು. ದೂರು ಬಂದೊಡನೆ ಹೆಸರು ಕೈಬದಲಾಗದಂತೆ ರಿಜಿಸ್ಟ್ರಾರ್ ತಡೆಹಿಡಿಯುತ್ತದೆ. ಉತ್ತರ ಕೊಡಲು 20 ದಿನ ಅವಕಾಶವಿದೆ. ತೀರ್ಪುಗಾರರು ನೇಮಕವಾದ ಮೇಲೆ ಸಾಮಾನ್ಯವಾಗಿ 14 ದಿನಗಳೊಳಗೆ ತೀರ್ಪು ಕೊಡುತ್ತಾರೆ. ಖುದ್ದು ವಿಚಾರಣೆ ಇರುವುದಿಲ್ಲ. ವೈಪೊದಲ್ಲಿ 5 ಹೆಸರುಗಳವರೆಗಿನ ದೂರಿಗೆ ಒಬ್ಬ ತೀರ್ಪುಗಾರರಿದ್ದರೆ 1,500 ಡಾಲರ್, ಮೂವರಿದ್ದರೆ 4,000 ಡಾಲರ್ ಶುಲ್ಕ. ಪರಿಹಾರವೆಂದರೆ ವರ್ಗಾವಣೆ ಅಥವಾ ರದ್ದತಿ ಮಾತ್ರ. ಹಣದ ಪರಿಹಾರವಿಲ್ಲ. ತೀರ್ಪಿನ ನಂತರ 10 ಕೆಲಸದ ದಿನಗಳೊಳಗೆ ಸೋತ ನೋಂದಣಿದಾರರು ನ್ಯಾಯಾಲಯಕ್ಕೆ ಹೋದರೆ ಜಾರಿ ನಿಲ್ಲುತ್ತದೆ.

ಐಎನ್‌ಡಿಆರ್‌ಪಿ: ಡಾಟ್ ಇನ್ ಮತ್ತು ಡಾಟ್ ಭಾರತ ವಿಸ್ತರಣೆಗಳಿಗೆ ಅನ್ವಯಿಸುತ್ತದೆ. ದೂರು ನಿಕ್ಸಿಗೆ ಸಲ್ಲುತ್ತದೆ. ನಿಕ್ಸಿ ತನ್ನ ಪಟ್ಟಿಯಿಂದ ಒಬ್ಬ ಮಧ್ಯಸ್ಥರನ್ನು ನೇಮಿಸುತ್ತದೆ. ಯುಡಿಆರ್‌ಪಿಗೂ ಇದಕ್ಕೂ ಮೂರು ಮುಖ್ಯ ವ್ಯತ್ಯಾಸಗಳಿವೆ. ಮೊದಲನೆಯದು, ಇದರ ನೀತಿ ಟ್ರೇಡ್‌ಮಾರ್ಕಿನ ಜೊತೆಗೆ ದೂರುದಾರರ ಹಕ್ಕಿರುವ ‘ಹೆಸರನ್ನೂ’ ಉಲ್ಲೇಖಿಸುತ್ತದೆ. ಎರಡನೆಯದು, ನೋಂದಣಿ ಅಥವಾ ಬಳಕೆ, ಇವೆರಡರಲ್ಲಿ ಒಂದು ದುರುದ್ದೇಶದ್ದಾದರೂ ಸಾಕು. ಮೂರನೆಯದು, ಇದು 1996ರ ಮಧ್ಯಸ್ಥಿಕೆ ಮತ್ತು ರಾಜಿ ಕಾಯ್ದೆಯಡಿಯ ಮಧ್ಯಸ್ಥಿಕೆಯಾದ್ದರಿಂದ ತೀರ್ಪನ್ನು ಆ ಕಾಯ್ದೆಯ 34ನೇ ಕಲಮಿನಡಿ ಮಾತ್ರ ಪ್ರಶ್ನಿಸಬಹುದು. ಮಧ್ಯಸ್ಥರು ವೆಚ್ಚವನ್ನೂ ವಿಧಿಸಬಹುದು. ನಡಾವಳಿಯ ಭಾಷೆ ಇಂಗ್ಲಿಷ್. ಕನ್ನಡದ ಬಿಲ್ಲು, ಕರಪತ್ರಗಳನ್ನು ಸಾಕ್ಷ್ಯವಾಗಿ ಕೊಡುವವರು ಅನುವಾದವನ್ನೂ ಒದಗಿಸಬೇಕಾಗುತ್ತದೆ.

ಸಿವಿಲ್ ನ್ಯಾಯಾಲಯ: ಹಣದ ಪರಿಹಾರ, ಲಾಭದ ಲೆಕ್ಕ, ಶಾಶ್ವತ ತಡೆಯಾಜ್ಞೆ ಬೇಕಿದ್ದರೆ ದಾವೆಯೇ ಮಾರ್ಗ. ಇಂಥ ದಾವೆಯನ್ನು ಜಿಲ್ಲಾ ನ್ಯಾಯಾಲಯ ಅಥವಾ ಅದಕ್ಕಿಂತ ಮೇಲಿನ ನ್ಯಾಯಾಲಯದಲ್ಲೇ ಹೂಡಬೇಕು. ನೋಂದಾಯಿತ ಗುರುತಿನ ಉಲ್ಲಂಘನೆಯಾದರೆ, ಟ್ರೇಡ್ ಮಾರ್ಕ್ಸ್ ಕಾಯ್ದೆಯ 134ನೇ ಕಲಮಿನ ಪ್ರಕಾರ ವಾದಿ ತಾನು ವಾಸಿಸುವ ಅಥವಾ ವ್ಯವಹರಿಸುವ ಸ್ಥಳದ ನ್ಯಾಯಾಲಯದಲ್ಲಿ ದಾವೆ ಹೂಡಬಹುದು. ಪಾಸಿಂಗ್ ಆಫ್ ದಾವೆಗೆ ಈ ಅನುಕೂಲವಿಲ್ಲ. ಅದು ಪ್ರತಿವಾದಿ ಇರುವ ಅಥವಾ ದಾವೆಯ ಕಾರಣ ಹುಟ್ಟಿದ ಸ್ಥಳಕ್ಕೆ ಕಟ್ಟುಬೀಳುತ್ತದೆ. ತಡೆಯಾಜ್ಞೆಗೆ ಮೇಲ್ನೋಟದ ಪ್ರಕರಣ, ಅನುಕೂಲದ ಸಮತೋಲನ, ತುಂಬಲಾರದ ನಷ್ಟ ಎಂಬ ಮೂರು ಅಂಶಗಳನ್ನು ತೋರಿಸಬೇಕು. ಎದುರಾಳಿ ಯಾರೆಂದು ತಿಳಿಯದಿದ್ದಾಗ ‘ಅಶೋಕ್ ಕುಮಾರ್’ ಎಂಬ ಕಲ್ಪಿತ ಹೆಸರಿನ ಪ್ರತಿವಾದಿಯ ವಿರುದ್ಧ ದಾವೆ ಹೂಡುವ ರೂಢಿ ಭಾರತದ ನ್ಯಾಯಾಲಯಗಳಲ್ಲಿದೆ.

ಕ್ರಿಮಿನಲ್ ಕ್ರಮ: ನಕಲಿ ವಿಳಾಸದ ಮೂಲಕ ಹಣ ವಂಚಿಸಿದರೆ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಡಿ ಕಲಮು ಅನ್ವಯಿಸುತ್ತದೆ. ಬೇರೊಬ್ಬರ ಸೋಗಿನಲ್ಲಿ ಕಂಪ್ಯೂಟರ್ ಮೂಲಕ ವಂಚಿಸಿದವರಿಗೆ 3 ವರ್ಷದವರೆಗೆ ಸೆರೆವಾಸವಿದೆ. ಹಣ ಕಳೆದುಕೊಂಡವರು 1930 ಸಂಖ್ಯೆಗೆ ಕರೆ ಮಾಡಿ ದೂರು ದಾಖಲಿಸಬಹುದು. ಇದು ಹಣದ ಜಾಡು ಹಿಡಿಯುವ ಕ್ರಮ. ಡೊಮೈನ್ ಹೆಸರನ್ನು ಒಡೆಯರಿಗೆ ವರ್ಗಾಯಿಸುವ ಅಧಿಕಾರ ಅದಕ್ಕಿಲ್ಲ.

ನೋಂದಣಿದಾರರ ಪ್ರತಿವಾದ

ಹೋಲಿಕೆ ಇದ್ದ ಮಾತ್ರಕ್ಕೆ ನೋಂದಣಿ ದುರ್ಬಳಕೆಯಾಗದು. ವಿವಾದದ ಸುಳಿವು ಸಿಗುವ ಮೊದಲೇ ಪ್ರಾಮಾಣಿಕ ವ್ಯಾಪಾರಕ್ಕೆ ಹೆಸರನ್ನು ಬಳಸಿದ್ದು, ಆ ಹೆಸರಿನಿಂದಲೇ ಜನ ತಮ್ಮನ್ನು ಬಲ್ಲರೆಂದು ತೋರಿಸುವುದು, ಗ್ರಾಹಕರನ್ನು ದಾರಿತಪ್ಪಿಸುವ ಉದ್ದೇಶವಿಲ್ಲದ ಲಾಭರಹಿತ ನ್ಯಾಯೋಚಿತ ಬಳಕೆ, ಇವು ಒಪ್ಪಿತ ಪ್ರತಿವಾದಗಳು. ಒಂದು ಕಂಪನಿಯ ಸರಕನ್ನು ನಿಜವಾಗಿ ಮಾರುವ ಚಿಲ್ಲರೆ ವ್ಯಾಪಾರಿ ಕೆಲವು ಷರತ್ತುಗಳಿಗೆ ಒಳಪಟ್ಟು ಆ ಗುರುತನ್ನು ವಿಳಾಸದಲ್ಲಿ ಬಳಸಬಹುದೆಂದು 2001ರ ಓಕಿ ಡೇಟಾ ಪ್ರಕರಣದಲ್ಲಿ ತೀರ್ಮಾನವಾಯಿತು. ಆ ಸರಕನ್ನೇ ಮಾರಬೇಕು, ಒಡೆಯರೊಂದಿಗಿನ ಸಂಬಂಧವನ್ನು ಮರೆಮಾಚದೆ ತಿಳಿಸಬೇಕು ಎಂಬುವು ಅದರ ಮುಖ್ಯ ಷರತ್ತುಗಳು.

ಟ್ರೇಡ್‌ಮಾರ್ಕಿನ ಒಡೆಯರೇ ನ್ಯಾಯವಾದ ನೋಂದಣಿದಾರರಿಂದ ಹೆಸರನ್ನು ಕಸಿಯಲು ದುರುದ್ದೇಶದ ದೂರು ಕೊಟ್ಟರೆ ಅದನ್ನು ‘ವಿಲೋಮ ಅಪಹರಣ’ ಎಂದು ತೀರ್ಪುಗಾರರು ದಾಖಲಿಸುತ್ತಾರೆ.

ಕನ್ನಡ ಲಿಪಿಯ ಡೊಮೈನ್ ಹೆಸರುಗಳು

ಸಂವಿಧಾನದ 8ನೇ ಅನುಸೂಚಿಯ 22 ಭಾಷೆಗಳಲ್ಲಿ ಡೊಮೈನ್ ಹೆಸರು ಕೊಡುವ ವ್ಯವಸ್ಥೆ ನಿಕ್ಸಿಯಲ್ಲಿದೆ. ಕನ್ನಡ ಲಿಪಿಯ ‘.ಭಾರತ’ ವಿಸ್ತರಣೆ ಅದರಲ್ಲಿ ಸೇರಿದೆ. ಕನ್ನಡದಲ್ಲಿ ಬರೆದ ವಿಳಾಸವನ್ನು ಯಂತ್ರ ಒಳಗೆ ಪ್ಯೂನಿಕೋಡ್ ಎಂಬ ಸಂಕೇತಕ್ಕೆ ಬದಲಿಸಿಕೊಳ್ಳುತ್ತದೆ.

ಇಲ್ಲಿ ಗೊಂದಲದ ಬಗೆ ಬೇರೆ. ಕನ್ನಡದ ಅ, ಜ, ದ, ರ, ಲ ಮುಂತಾದ ಅಕ್ಷರಗಳು ತೆಲುಗು ಲಿಪಿಯ ಅದೇ ಅಕ್ಷರಗಳನ್ನು ಬಹಳ ಹೋಲುತ್ತವೆ, ಆದರೆ ಯಂತ್ರಕ್ಕೆ ಅವು ಬೇರೆ ಬೇರೆ ಸಂಕೇತಗಳು. ಅನುಸ್ವಾರ ಮತ್ತು ಕನ್ನಡದ ಸೊನ್ನೆ ಕಣ್ಣಿಗೆ ಒಂದೇ ತೆರನಾಗಿ ಕಾಣುತ್ತವೆ. ಈ ಕಾರಣದಿಂದ ಐಕ್ಯಾನ್ ಅಡಿಯಲ್ಲಿ ಭಾರತೀಯ ಲಿಪಿಗಳಿಗೆಂದು ರಚನೆಯಾದ ನವಬ್ರಾಹ್ಮಿ ಸಮಿತಿ ವಿಸ್ತರಣೆಗಳ ಮಟ್ಟದಲ್ಲಿ ಕನ್ನಡ ಮತ್ತು ತೆಲುಗಿನ ಸಮರೂಪದ ಅಕ್ಷರಗಳನ್ನು ಒಂದರ ರೂಪಾಂತರ ಇನ್ನೊಂದೆಂದು ಪರಿಗಣಿಸುವ ನಿಯಮಗಳನ್ನು ಸಿದ್ಧಪಡಿಸಿತು.

ತೆಂಗಿನ ಸೀಮೆಯಲ್ಲಿ ಅನ್ವಯ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಮುಖ್ಯ ಸರಕು ಉಂಡೆ ಕೊಬ್ಬರಿ. ಬಲಿತ ಕಾಯನ್ನು ಅಟ್ಟದ ಮೇಲೆ ಹಲವು ತಿಂಗಳು ಇಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟ ಮೇಲೆ ಸುಲಿದು ಒಡೆದು ಇಡಿಯಾಗಿ ತೆಗೆಯುತ್ತಾರೆ. ತಿಪಟೂರಿನ ಕೃಷಿ ಉತ್ಪನ್ನ ಮಾರುಕಟ್ಟೆ ಇದರ ದೊಡ್ಡ ಕೇಂದ್ರ. ಕೇಂದ್ರ ಸರ್ಕಾರ 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 12,100 ರೂಪಾಯಿ ಕನಿಷ್ಠ ಬೆಂಬಲ ಬೆಲೆ ಗೊತ್ತುಪಡಿಸಿತ್ತು. ತೆಂಗಿನ ತಳಿಯೊಂದಕ್ಕೂ ‘ತಿಪಟೂರು ಟಾಲ್’ ಎಂಬ ಹೆಸರಿದೆ.

ಈ ಸೀಮೆಯ ಹೆಸರುಗಳನ್ನು ಡೊಮೈನ್ ಕಾನೂನಿನ ದೃಷ್ಟಿಯಿಂದ ಮೂರು ಗುಂಪು ಮಾಡಬಹುದು.

ಮೊದಲನೆಯದು ಊರು ಮತ್ತು ಸರಕಿನ ಹೆಸರುಗಳು. ‘ತಿಪಟೂರು’, ‘ಕೊಬ್ಬರಿ’ ಎಂಬ ಪದಗಳಾಗಲಿ ಅವೆರಡರ ಜೋಡಣೆಯಾಗಲಿ ಸರಕಿನ ವರ್ಣನೆ. ಇಂಥ ವಿಳಾಸವನ್ನು ಯಾರಾದರೂ ಮೊದಲು ಪಡೆದರೆ ಅದನ್ನು ಟ್ರೇಡ್‌ಮಾರ್ಕಿನ ಬಲದಿಂದ ಬಿಡಿಸಿಕೊಳ್ಳುವುದು ಕಷ್ಟ.

ಎರಡನೆಯದು ಹಲವರು ಹಂಚಿಕೊಂಡ ಹೆಸರುಗಳು. ‘ಕಲ್ಪತರು’ ಇದಕ್ಕೆ ಉತ್ತಮ ಉದಾಹರಣೆ. ತುಮಕೂರು ಜಿಲ್ಲೆಗೆ ಕಲ್ಪತರು ನಾಡು ಎಂಬ ಹೆಸರಿದೆ. ತಿಪಟೂರಿನಲ್ಲಿ ಕಲ್ಪತರು ತಾಂತ್ರಿಕ ವಿದ್ಯಾಲಯವಿದೆ. ಕಾವೇರಿ ಕಲ್ಪತರು ಗ್ರಾಮೀಣ ಬ್ಯಾಂಕ್ ಎಂಬ ಬ್ಯಾಂಕೊಂದಿತ್ತು. ಮುಂಬೈಯಲ್ಲಿ ಕಲ್ಪತರು ಹೆಸರಿನ ಕಟ್ಟಡ ನಿರ್ಮಾಣ ಸಮೂಹವಿದೆ. ಇಂಥ ಪದದಲ್ಲಿ ಒಬ್ಬರ ಹಕ್ಕು ಅವರ ಸರಕು ಅಥವಾ ಸೇವೆಯ ವರ್ಗಕ್ಕೆ ಸೀಮಿತ. ಬೇರೆ ಕ್ಷೇತ್ರದವರು ಪ್ರಾಮಾಣಿಕವಾಗಿ ಬಳಸಿದರೆ ದುರುದ್ದೇಶ ಸಾಬೀತಾಗುವುದಿಲ್ಲ.

ಮೂರನೆಯದು ಕಟ್ಟಿದ ಹೆಸರುಗಳು. ಎಣ್ಣೆ ಗಾಣ, ಕೊಬ್ಬರಿ ತುರಿ ಕಾರ್ಖಾನೆ, ನಾರಿನ ಘಟಕ ಅಥವಾ ರೈತ ಉತ್ಪಾದಕ ಕಂಪನಿ ತಾನೇ ರೂಪಿಸಿದ, ಸರಕನ್ನು ವರ್ಣಿಸದ ಪದಕ್ಕೆ ರಕ್ಷಣೆ ಅತಿ ಹೆಚ್ಚು. ಸಿಫಿ ಪ್ರಕರಣದಲ್ಲಿ ವಾದಿಯ ಪರ ನಿಂತ ಅಂಶಗಳಲ್ಲಿ ಆ ಪದ ಕಟ್ಟಿದ ಪದವಾಗಿದ್ದದ್ದೂ ಒಂದು. ಪದವನ್ನು ಸಂಬಂಧಪಟ್ಟ ವರ್ಗಗಳಲ್ಲಿ ಟ್ರೇಡ್‌ಮಾರ್ಕಾಗಿ ನೋಂದಾಯಿಸುವುದು, ಅದರ ಮುಖ್ಯ ರೋಮನ್ ರೂಪಗಳನ್ನೂ ಕನ್ನಡ ರೂಪವನ್ನೂ ಡೊಮೈನ್ ಹೆಸರುಗಳಾಗಿ ಪಡೆಯುವುದು, ನೋಂದಣಿಯನ್ನು ಕಂಪನಿಯ ಹೆಸರಿನಲ್ಲೇ ಇಡುವುದು ಮತ್ತು ಅವಧಿಗೆ ಮೊದಲು ನವೀಕರಿಸುವುದು ವ್ಯಾಜ್ಯವನ್ನು ತಡೆಯುವ ರೂಢಿಯ ಕ್ರಮಗಳು.

ರಾಜ್ಯದ ಏಕೀಕೃತ ಮಾರುಕಟ್ಟೆ ವೇದಿಕೆಯಡಿ 2014ರಿಂದ ಕೃಷಿ ಮಾರುಕಟ್ಟೆಗಳ ಟೆಂಡರು ಆನ್‌ಲೈನ್‌ಗೆ ಬಂದ ಮೇಲೆ, ಅಧಿಕೃತ ವಿಳಾಸವನ್ನು ಗುರುತಿಸುವುದು ಬೆಳೆಗಾರರಿಗೂ ಅಗತ್ಯವಾಗಿದೆ. ‘ಗವ್ ಡಾಟ್ ಇನ್’ ಎಂದು ಕೊನೆಗೊಳ್ಳುವ ವಿಳಾಸಗಳು ಸರ್ಕಾರಿ ಸಂಸ್ಥೆಗಳಿಗೆ ಮೀಸಲು. ಬ್ಯಾಂಕುಗಳು 2025ರ ಅಕ್ಟೋಬರ್ 31ರೊಳಗೆ ‘ಬ್ಯಾಂಕ್ ಡಾಟ್ ಇನ್’ ವಿಳಾಸಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಸೂಚಿಸಿತ್ತು.

ಇಂದಿನ ಸ್ಥಿತಿ

ವೈಪೊಗೆ 2023ರಲ್ಲಿ 6,192 ಡೊಮೈನ್ ದೂರುಗಳು ಬಂದವು. ಹೊಸ ವಿಸ್ತರಣೆಗಳು 2013ರಿಂದ ಚಾಲ್ತಿಗೆ ಬಂದ ಮೇಲೆ ಎರಡು ಹೆಚ್ಚುವರಿ ಸಾಧನಗಳು ಸೇರಿದವು. ಟ್ರೇಡ್‌ಮಾರ್ಕ್ ಕ್ಲಿಯರಿಂಗ್‌ಹೌಸ್ ಎಂಬ ಭಂಡಾರದಲ್ಲಿ ಗುರುತನ್ನು ದಾಖಲಿಸಿದವರಿಗೆ ಹೊಸ ವಿಸ್ತರಣೆಯಲ್ಲಿ ಮೊದಲ ಅವಕಾಶ ಸಿಗುತ್ತದೆ. ದುರ್ಬಳಕೆ ನಿಚ್ಚಳವಾಗಿದ್ದಲ್ಲಿ ಹೆಸರನ್ನು ಬೇಗ ಅಮಾನತು ಮಾಡಿಸುವ ಕ್ರಮ ಯುಆರ್‌ಎಸ್. ಇದರಲ್ಲಿ ವರ್ಗಾವಣೆ ಇಲ್ಲ.

ಯುರೋಪಿನ ಖಾಸಗಿತನದ ಕಾನೂನು 2018ರಲ್ಲಿ ಜಾರಿಯಾದ ಮೇಲೆ ನೋಂದಣಿದಾರರ ವಿವರಗಳು ಸಾರ್ವಜನಿಕ ದಾಖಲೆಯಿಂದ ಬಹುಮಟ್ಟಿಗೆ ಮರೆಯಾದವು. 2025ರ ಜನವರಿಯಿಂದ ಹೂಈಸ್ ಎಂಬ ಆ ಹಳೆಯ ದಾಖಲೆಯ ಸ್ಥಾನದಲ್ಲಿ ಆರ್‌ಡ್ಯಾಪ್ ಎಂಬ ವ್ಯವಸ್ಥೆ ಬಂದಿದೆ. ಎದುರಾಳಿಯ ಗುರುತು ತಿಳಿಯುವುದು ಹಲವು ಸಲ ದೂರು ದಾಖಲಾದ ನಂತರವೇ.

ಭಾರತದಲ್ಲಿ ರಿಜಿಸ್ಟ್ರಾರುಗಳ ಹೊಣೆ ಎಷ್ಟೆಂಬುದು ಮುಖ್ಯ ಪ್ರಶ್ನೆಯಾಗಿ ಬೆಳೆದಿದೆ. ಹಿಂದೂಸ್ತಾನ್ ಯೂನಿಲಿವರ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ 2020ರಲ್ಲಿ, ರಿಜಿಸ್ಟ್ರಾರ್ ನೋಂದಣಿಯನ್ನು ಅಮಾನತುಗೊಳಿಸಬಹುದೇ ಹೊರತು ವಿಳಾಸವನ್ನು ಜನರಿಗೆ ಸಿಗದಂತೆ ಮುಚ್ಚಿಹಾಕಲಾರದು ಎಂದು ವಿವರಿಸಿತು. ಸ್ನ್ಯಾಪ್‌ಡೀಲ್ ಪ್ರಕರಣದಲ್ಲಿ ದೆಹಲಿ ಹೈಕೋರ್ಟ್ 2022ರಲ್ಲಿ, ಗುರುತಿನ ಪದವಿರುವ ಮುಂದಿನ ಎಲ್ಲ ನೋಂದಣಿಗಳನ್ನೂ ಒಟ್ಟಾಗಿ ತಡೆಯುವ ಆದೇಶ ಸಾಧ್ಯವಿಲ್ಲ, ಪ್ರತಿ ಹೆಸರನ್ನೂ ಬೇರೆಯಾಗಿ ಪರಿಶೀಲಿಸಬೇಕು ಎಂದಿತು. ಡೊಮೈನ್ ವಿವಾದಗಳಿಗೆಂದೇ ಪ್ರತ್ಯೇಕ ಕಾಯ್ದೆ ಭಾರತದಲ್ಲಿ ಇಲ್ಲ. ಬೆಂಗಳೂರಿನಿಂದ ಹೊರಟ ಸಿಫಿ ತೀರ್ಪು, ಟ್ರೇಡ್ ಮಾರ್ಕ್ಸ್ ಕಾಯ್ದೆ ಮತ್ತು ಐಎನ್‌ಡಿಆರ್‌ಪಿ, ಈ ಮೂರರ ಮೇಲೆಯೇ ದೇಶದ ವ್ಯವಸ್ಥೆ ನಿಂತಿದೆ.